ಈಗ ವಿಮಾನದಲ್ಲಿ ಮಕ್ಕಳಿಗೆ ಕಾಕ್‌ಪಿಟ್ ತೋರಿಸುತ್ತಾರಾ?

ನೀರ್ಚಾಲು ಅಪ್ಪ
ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಗೆ ತಂಗಿಯ ಮನೆಗೆ, ದುಬೈಗೆ ಹೋಗುವುದು ಅಂತ ಉಂಟು. ಮಂಗಳೂರಿನಿಂದಲೇ ಟಿಕೆಟ್. ಮಗ ನಾಲ್ಕನೇ ಕ್ಲಾಸು, ಅವನಿಗೆ ವಿಮಾನದ ಹುಚ್ಚು. ಅಂಗಳದಲ್ಲಿ ಅಡಿಕೆ ಕಾಯಲು ಕೂರಿಸಿದರೆ ಮೊಬೈಲ್ ಹಿಡಿದುಕೊಂಡು ಮೇಲೆ ಹೋಗುವ ವಿಮಾನ ಎಲ್ಲಿಂದ ಎಲ್ಲಿಗೆ ಅಂತ ಹೇಳುತ್ತಾ ಇರುತ್ತಾನೆ. ಅಡಿಕೆ ಕೋಳಿ ಕೆದಕಿ ಹೋದರೂ ಗೊತ್ತಾಗುವುದಿಲ್ಲ.

ನನ್ನ ಮಾವ ಹಿಂದೆ ಗಲ್ಫಿನಲ್ಲಿದ್ದವರು. "ನಮ್ಮ ಕಾಲದಲ್ಲಿ ಕೇಳಿದರೆ ಪೈಲಟ್ ಒಳಗೆ ಕರೆಯುತ್ತಿದ್ದರು" ಅಂತ ಅವನ ತಲೆಗೆ ಹುಳ ಬಿಟ್ಟಿದ್ದಾರೆ. ಈಗ ದಿನಾ ಅದೇ ಪ್ರಶ್ನೆ. ಈಗಲೂ ಬಿಡುತ್ತಾರಾ? ಕಂಪನಿಗೆ ಮೊದಲೇ ಮೇಲ್ ಹಾಕಬೇಕಾ? ಸುಮ್ನೆ ಕೇಳಿ ಅನುಮಾನಕ್ಕೆ ಗುರಿಯಾಗುವುದು ಬೇಡ ಅಂತ ನನ್ನ ಯೋಚನೆ.

ಶಾರ್ಜಾ ಸ್ಪ್ಯಾನರ್
ಹಾರುವಾಗ ಇಲ್ಲ. ಯಾರ ಪರಿಚಯ ಹೇಳಿದರೂ ಇಲ್ಲ. ಇಳಿದು, ಎಂಜಿನ್ ಆಫ್ ಆಗಿ, ಜನ ಇಳಿಯುವಾಗ ಕೇಳಿ. ಕ್ಯಾಪ್ಟನ್ ಮನಸ್ಸು ಮಾಡಿದರೆ ಆಗಬಹುದು. ಆಗದೆಯೂ ಇರಬಹುದು. ನಾನು ವಿಮಾನ ರಿಪೇರಿ ಕೆಲಸದಲ್ಲಿರುವವ, ಊರು ಮುಳ್ಳೇರಿಯ ಹತ್ತಿರ.

ಮೇಲ್ ಹಾಕುವುದು ದಂಡ. ಆಫೀಸಿನವರಿಗೆ "ನಿಯಮದ ಪ್ರಕಾರ ಸಾಧ್ಯವಿಲ್ಲ" ಅಂತ ಬರೆಯುವುದು ಸುಲಭ, ಬರೆಯುತ್ತಾರೆ.

ಉಪ್ಪಳ ಎಕ್ಸ್‌ಪ್ರೆಸ್
ಕಾಕ್‌ಪಿಟ್ ಆಮೇಲೆ ನೋಡುವ. ಮೊದಲು ಹೈವೇ ದಾಟಿ ಟೈಮಿಗೆ ಸರಿಯಾಗಿ ಬಜಪೆ ಏರ್‌ಪೋರ್ಟ್ ಮುಟ್ಟಿ ಮಾರಾಯ್ರೆ.

ಬದಿಯಡ್ಕ ಹಳಬ
ನೀರ್ಚಾಲಿನವರ ಮಾವ ಹೇಳಿದ್ದು ಸುಳ್ಳಲ್ಲ. ನಾನೇ ಹೋಗಿದ್ದೇನೆ.

ಆಗ ಕೊಂಕಣ ರೈಲು ಇರಲಿಲ್ಲ. ಮಂಗಳೂರಿನಿಂದ ಬಸ್ಸಲ್ಲಿ ಮುಂಬೈ, ಅಲ್ಲಿ ಯಾರದೋ ರೂಮಿನಲ್ಲಿ ಕಾದು ಕೂತು, ಸಹಾರ್‌ನಿಂದ ವಿಮಾನ. ಮಂಗಳೂರಿನಿಂದ ನೇರ ದುಬೈಗೆ ಹೋಗುವುದೆಲ್ಲ 2006ರ ಮೇಲಿನ ಕಥೆ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಗುಜರಾತಿ ವ್ಯಾಪಾರಿ, ಅವರ ಮಗಳಿಗೆ ನೋಡಬೇಕು ಅಂತ ಆಸೆ. ಗಗನಸಖಿ ಒಳಗೆ ಹೋಗಿ ಕೇಳಿ ಬಂದು "ಬನ್ನಿ" ಅಂದಳು. ನಾನೂ ಹಿಂದೆಯೇ ಎದ್ದೆ. ಯಾರೂ ಬೇಡ ಅನ್ನಲಿಲ್ಲ.

ಒಳಗೆ ಲೈಟಿಲ್ಲ. ಬರೀ ಮೀಟರುಗಳ ಬೆಳಕು. ಬಲಗಡೆ ಗೋಡೆಗೆ ಮುಖ ಮಾಡಿ ಅಡ್ಡ ಕೂತ ಒಬ್ಬರು, ಫ್ಲೈಟ್ ಎಂಜಿನಿಯರ್ ಅಂತೆ, ಸಣ್ಣ ಟಾರ್ಚು ಹಿಡಿದು ಪೆನ್ಸಿಲಲ್ಲಿ ಅಂಕಿ ಬರೆಯುತ್ತಿದ್ದರು. ಅವರ ಮೊಣಕೈ ಹತ್ತಿರ ಟ್ರೇಯಲ್ಲಿ ಅರ್ಧ ತಿಂದ ಬನ್ನು. ಗಾಜಿನಾಚೆ ಕೆಳಗೆ ಕಪ್ಪು ಸಮುದ್ರ, ಅದರ ಮಧ್ಯೆ ಅಲ್ಲೊಂದು ಇಲ್ಲೊಂದು ಕೆಂಪು ಬೆಂಕಿ. ಎಂತ ಅಂತ ಕೇಳಿದೆ. ತೈಲಬಾವಿಯ ಗ್ಯಾಸ್ ಉರಿಯುವುದು ಅಂದರು ಕ್ಯಾಪ್ಟನ್. ನಾನು ಕೆಲಸಕ್ಕೆ ಹೊರಟಿದ್ದೇ ಅಂಥ ಕಂಪನಿಗೆ. ಮೊದಲ ಸಲ ಮನೆ ಬಿಟ್ಟು ಹೊರಟವನು ನಾನು, ಹೊಟ್ಟೆಯೊಳಗೆ ಏನೇನೋ ಆಗುತ್ತಿತ್ತು. ಆ ಮನುಷ್ಯ ನನ್ನ ಊರು ಯಾವುದು ಅಂತಲೂ ಕೇಳಿದರು.

ಈಗ ಬಾಗಿಲಿಗೆ ಕ್ಯಾಮೆರಾ, ಕೋಡು, ಬೀಗ. ಎಲ್ಲರನ್ನೂ ಕಳ್ಳರ ಹಾಗೆ ನೋಡುವುದು. ನನಗೆ ಇದು ಜಾಸ್ತಿ ಅನ್ನಿಸುತ್ತದೆ.

ಕುಂಬಳೆ ಟೀಚರ್
ಹಳಬರ ಮಾತಿಗೆ ನನ್ನದೊಂದು ಓಟು. ನಮ್ಮ ಶಾಲೆಯಲ್ಲಿ ಪೈಲಟ್ ಆಗಬೇಕು ಅನ್ನುವ ಮಕ್ಕಳಿದ್ದಾರೆ. ಅವರು ಕಂಡದ್ದು ಯೂಟ್ಯೂಬಿನ ಕಾಕ್‌ಪಿಟ್ ಮಾತ್ರ. ಕನ್ನಡ ಮೀಡಿಯಂ ಮಗುವಿಗೆ ಒಬ್ಬ ಪೈಲಟ್ ಎದುರಿಗೆ ನಿಂತು ಎರಡು ಮಾತಾಡಿದರೆ ಅದರ ಬೆಲೆಯೇ ಬೇರೆ. ಮೊದಲು ಬಸ್ಸಿನ ಬಾನೆಟ್ ಮೇಲೆ ಕೂತು ಡ್ರೈವರ್ ಗೇರ್ ಹಾಕುವುದನ್ನು ನೋಡುತ್ತಿದ್ದೆವಲ್ಲ, ಇದೂ ಹಾಗೆ. ಮಗು ನೋಡಿದರೆ ವಿಮಾನಕ್ಕೆ ಏನು ನಷ್ಟ?

ಶಾರ್ಜಾ ಸ್ಪ್ಯಾನರ್
ಟೀಚರೇ, ನಷ್ಟ ಆಗಿದೆ. ಬಹಳ ದೊಡ್ಡದು.

1994 ಮಾರ್ಚ್ 23. ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೋಗುತ್ತಿದ್ದ ಏರೋಫ್ಲೋಟ್ ವಿಮಾನ, ಏರ್‌ಬಸ್ ಎ310. ಪೈಲಟ್ ತನ್ನ ಮಕ್ಕಳನ್ನೇ ಒಳಗೆ ಕರೆದು ಸೀಟಿನಲ್ಲಿ ಕೂರಿಸಿದ. ಮೊದಲು ಮಗಳು, ಆಮೇಲೆ ಹದಿಹರೆಯದ ಮಗ. ಆಟೋಪೈಲಟ್ ಆನ್ ಇದೆ, ಹುಡುಗ ಏನು ತಿರುಗಿಸಿದರೂ ಆಗುವುದೇನಿಲ್ಲ ಅಂತ ಅವನ ಧೈರ್ಯ. ಆದರೆ ಆ ಮಾಡೆಲ್ಲಿನಲ್ಲಿ ಪೈಲಟ್ ಎದುರಿನ ಹಿಡಿಕೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಭಾಗ ಮಾತ್ರ ಆಟೋಪೈಲಟ್‌ನಿಂದ ಬಿಟ್ಟುಹೋಗುತ್ತದೆ. ಉಳಿದದ್ದು ಆನ್ ಇರುತ್ತದೆ. ಶಬ್ದ ಬರಲಿಲ್ಲ, ಒಂದು ದೀಪ ಹತ್ತಿತು ಅಷ್ಟೇ. ಅವರು ಕಲಿತದ್ದು ರಷ್ಯಾದ ವಿಮಾನಗಳಲ್ಲಿ, ಅದರಲ್ಲಿ ಶಬ್ದ ಬರುತ್ತಿತ್ತು. ವಿಮಾನ ವಾಲುತ್ತಿದೆ ಅಂತ ಮೊದಲು ಹೇಳಿದ್ದೇ ಆ ಹುಡುಗ. ದೊಡ್ಡವರಿಗೆ ಅರ್ಥ ಆಗುವಷ್ಟರಲ್ಲಿ ಕೈ ಮೀರಿತ್ತು. 75 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಉಗ್ರಗಾಮಿ ಇಲ್ಲ, ಬಂದೂಕು ಇಲ್ಲ. ಅಪ್ಪನ ಪ್ರೀತಿ ಮಾತ್ರ ಇತ್ತು. ಬಾಗಿಲು ಮುಚ್ಚಿದ್ದು 2001 ಸೆಪ್ಟೆಂಬರ್ 11ರ ಅಮೆರಿಕದ ದಾಳಿಯಿಂದ ಮಾತ್ರ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ, ಅದಕ್ಕೆ ಇಷ್ಟುದ್ದ ಬರೆದೆ.

ಬದಿಯಡ್ಕ ಹಳಬ
ನಾವು ನಿಂತುಕೊಂಡು ನೋಡಿದ್ದು. ಸೀಟಿನಲ್ಲಿ ಕೂತಿಲ್ಲ, ಏನನ್ನೂ ಮುಟ್ಟಿಲ್ಲ.

ಶಾರ್ಜಾ ಸ್ಪ್ಯಾನರ್
ನೀವು ಮುಟ್ಟಲಿಲ್ಲ ಹಳಬರೇ. ನಿಮ್ಮ ಹಿಂದೆ ಎದ್ದು ಬರುವವನು ಯಾರು ಅಂತ ಆ ಗಗನಸಖಿಗೆ ಹೇಗೆ ಗೊತ್ತಾಗಬೇಕು? ನೀವೇ ಬರೆದಿದ್ದೀರಿ, ಆ ಹುಡುಗಿಯ ಹಿಂದೆ ನೀವೂ ಎದ್ದಿರಿ, ಯಾರೂ ತಡೆಯಲಿಲ್ಲ ಅಂತ.

1999ರ ಜುಲೈಯಲ್ಲಿ ಜಪಾನಿನಲ್ಲಿ ಒಬ್ಬ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದ ಹುಚ್ಚಿನವನು, ಚಾಕು ತೋರಿಸಿ ಕಾಕ್‌ಪಿಟ್‌ಗೆ ನುಗ್ಗಿದ. ಕ್ಯಾಪ್ಟನ್‌ನನ್ನು ಕೊಂದೇ ಬಿಟ್ಟ. ಅವನಿಗೆ ತಾನೇ ಹಾರಿಸಬೇಕು ಅಂತ ಆಸೆ. ಒಳಗೆ 500ಕ್ಕೂ ಹೆಚ್ಚು ಜನ ಇದ್ದರು, ಉಳಿದ ಸಿಬ್ಬಂದಿ ಅವನನ್ನು ಹಿಡಿದು ಹಾಕಿ ವಿಮಾನ ಇಳಿಸಿದರು. 2000ದ ಡಿಸೆಂಬರ್ 29ರಂದು ಲಂಡನ್ನಿನಿಂದ ನೈರೋಬಿಗೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್ ಜಂಬೋದಲ್ಲಿ, ಮಾನಸಿಕ ಅಸ್ವಸ್ಥ ಪ್ರಯಾಣಿಕನೊಬ್ಬ ಒಳಗೆ ಹೋಗಿ ಕಂಟ್ರೋಲ್ ಹಿಡಿದುಕೊಂಡ. ವಿಮಾನ ಆಕಾಶದಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಇವೆರಡೂ ಆಗಿದ್ದು 2001 ಸೆಪ್ಟೆಂಬರ್‌ಗಿಂತ ಮೊದಲು, ನೆನಪಿರಲಿ.

ಹೈಜಾಕ್ ಆದ ನಮ್ಮ ಇಂಡಿಯನ್ ಏರ್‌ಲೈನ್ಸ್ ಐಸಿ 814 ಗೊತ್ತಲ್ಲ. 1999 ಡಿಸೆಂಬರ್ 24, ಕಠ್ಮಂಡುವಿನಿಂದ ದೆಹಲಿಗೆ ಹೊರಟದ್ದು ಕಂದಹಾರ್‌ನಲ್ಲಿ ನಿಂತಿತು. ಕ್ಯಾಪ್ಟನ್‌ನ ತಲೆಯ ಹತ್ತಿರಕ್ಕೆ ಹೋಗಲು ಆಗದಿದ್ದರೆ ಆ ಕಥೆ ಬೇರೆ ಇರುತ್ತಿತ್ತು.

ಉಪ್ಪಳ ಎಕ್ಸ್‌ಪ್ರೆಸ್
ಹೈಜಾಕ್ ಅಂದರೆ ನನಗೆ 1978ರದ್ದೇ ಇಷ್ಟ. ಇಂದಿರಾ ಗಾಂಧಿ ಜೈಲಿನಲ್ಲಿದ್ದಾಗ ಅವರನ್ನು ಬಿಡಿ ಅಂತ ಇಬ್ಬರು ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ವಾರಾಣಸಿಗೆ ಒಯ್ದರು. ಆಯುಧ ಏನು ಗೊತ್ತಾ? ಆಟದ ಪಿಸ್ತೂಲು ಮತ್ತು ಕ್ರಿಕೆಟ್ ಚೆಂಡು. ಮುಂದೆ ಅವರಿಗೆ ಕಾಂಗ್ರೆಸ್ ಟಿಕೆಟೂ ಸಿಕ್ಕಿತು, ಶಾಸಕರೂ ಆದರು.

ಕುಂಬಳೆ ಟೀಚರ್
ಸ್ಪ್ಯಾನರ್ ಅವರೇ, ಉದಾಹರಣೆ ಒಂದೇ ಕಡೆಯಿಂದ ತರಬೇಡಿ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ಏನಾಯಿತು? ಬಾಲದ ಎಂಜಿನ್ ಒಡೆದು, ವಿಮಾನ ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರಾ ಹೋಯಿತು. ಪ್ರಯಾಣಿಕನಾಗಿ ಕೂತಿದ್ದ ಡೆನ್ನಿ ಫಿಚ್ ಒಳಗೆ ಹೋಗಿ, ಪೈಲಟ್‌ಗಳ ಮಧ್ಯೆ ಮಂಡಿಯೂರಿ ಕೂತು, ಬರೀ ಎಂಜಿನ್ ಜೋರು ನಿಧಾನ ಮಾಡುವ ಥ್ರಾಟಲ್‌ನಿಂದ ವಿಮಾನ ತಿರುಗಿಸಲು ಸಹಾಯ ಮಾಡಿದರು. 296 ಜನರಲ್ಲಿ 184 ಮಂದಿ ಬದುಕಿದರು. ಆ ಬಾಗಿಲು ತೆರೆಯದಿದ್ದರೆ?

ಶಾರ್ಜಾ ಸ್ಪ್ಯಾನರ್
ಒಳ್ಳೆಯ ಪಾಯಿಂಟ್. ಆದರೆ ಫಿಚ್ ಅದೇ ಕಂಪನಿಯಲ್ಲಿ ಅದೇ ಮಾದರಿಯ ವಿಮಾನದ ಪೈಲಟ್‌ಗಳಿಗೆ ಪಾಠ ಹೇಳುತ್ತಿದ್ದವರು. ಸಹಾಯ ಮಾಡುತ್ತೇನೆ ಅಂತ ಹೇಳಿ ಕಳಿಸಿದರು, ಕ್ಯಾಪ್ಟನ್ ಒಪ್ಪಿ ಕರೆಸಿಕೊಂಡರು. ಅಂಥ ದಾರಿ ಇವತ್ತೂ ಮುಚ್ಚಿಲ್ಲ, ಬಾಗಿಲು ತೆರೆಯುವ ಸ್ವಿಚ್ ಕ್ಯಾಪ್ಟನ್ ಕೈಯಲ್ಲೇ ಇದೆ.

ಹೊಳೆಬದಿ
ಬೀಗದ ಬಗ್ಗೆ ಇಷ್ಟು ಮಾತಾಡುತ್ತಿದ್ದೀರಿ. ಒಳಗಿದ್ದವನೇ ಬೀಗ ಹಾಕಿಕೊಂಡರೆ? ಜರ್ಮನ್‌ವಿಂಗ್ಸ್ ಮರೆತಿರಾ?

ಶಾರ್ಜಾ ಸ್ಪ್ಯಾನರ್
ಮರೆತಿಲ್ಲ. ಅಲ್ಲಿಗೇ ಬರುತ್ತಿದ್ದೆ. ಬಾಗಿಲು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಆಗ ಸರಿಯಾಗಿ ಅರ್ಥ ಆಗುತ್ತದೆ.

ಗುಂಡು ತಡೆಯುವ ಬಾಗಿಲು ಎಲ್ಲ ದೊಡ್ಡ ವಿಮಾನಕ್ಕೂ ಬಂದದ್ದು 2003ರಲ್ಲಿ. ಅಂತರರಾಷ್ಟ್ರೀಯ ನಿಯಮ ಆ ವರ್ಷದ ನವೆಂಬರ್ 1ರಿಂದ. 60ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದು ಅಥವಾ 45,500 ಕಿಲೋಗಿಂತ ಭಾರದ್ದು, ಎಲ್ಲಕ್ಕೂ ಬೇಕು. ಏರ್‌ಬಸ್ 320ರಲ್ಲಿ ಪೈಲಟ್‌ಗಳ ಮಧ್ಯದ ಪ್ಯಾನೆಲ್‌ನಲ್ಲಿ ಒಂದು ಸಣ್ಣ ಸ್ವಿಚ್. ಅದಕ್ಕೆ ಮೂರು ಜಾಗ. ತೆರೆ, ಮಾಮೂಲು, ಬೀಗ. ಕೈ ಬಿಟ್ಟರೆ ಅದು ತಾನಾಗಿ ಮಾಮೂಲಿಗೆ ಬರುತ್ತದೆ. ಹೊರಗಿನಿಂದ ಸಿಬ್ಬಂದಿ ಕರೆದರೆ ಒಳಗೆ ಬಜರ್ ಹೊಡೆಯುತ್ತದೆ, ಪೈಲಟ್ ಯಾರೆಂದು ನೋಡಿ ತೆರೆಯುತ್ತಾನೆ. ಒಳಗಿನವರಿಗೆ ಪ್ರಜ್ಞೆ ತಪ್ಪಿದೆ ಅನ್ನಿಸಿದರೆ ಸಿಬ್ಬಂದಿಗೆ ತುರ್ತು ಕೋಡ್ ಇರುತ್ತದೆ. ಅದನ್ನು ಒತ್ತಿ ಸ್ವಲ್ಪ ಹೊತ್ತು ಕಾದರೆ ಬಾಗಿಲು ತೆರೆದುಕೊಳ್ಳುತ್ತದೆ. ಅಷ್ಟರೊಳಗೆ ಒಳಗಿನವನು ಬೀಗದ ಕಡೆಗೆ ಸ್ವಿಚ್ ಒತ್ತಿದರೆ ಕೋಡ್ ನಡೆಯುವುದಿಲ್ಲ. ಹೈಜಾಕರ್ ಸಿಬ್ಬಂದಿಯ ಕುತ್ತಿಗೆ ಹಿಡಿದು ಕೋಡ್ ಹೇಳಿಸಿದರೂ ಬರಬಾರದು ಅಂತ ಮಾಡಿದ ಏರ್ಪಾಟು ಅದು.

2015 ಮಾರ್ಚ್ 24ರಂದು ಆ ಜರ್ಮನ್‌ವಿಂಗ್ಸ್ ವಿಮಾನದಲ್ಲಿ ಅದೇ ಏರ್ಪಾಟು ತಿರುಗಿ ಬಡಿಯಿತು. ಕ್ಯಾಪ್ಟನ್ ಹೊರಗೆ ಹೋದಾಗ ಕೋ-ಪೈಲಟ್ ಬೀಗ ಒತ್ತಿ ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಇಳಿಸಿದ. ಕ್ಯಾಪ್ಟನ್ ಹೊರಗಿನಿಂದ ಬಾಗಿಲು ಒಡೆಯಲು ನೋಡಿದ, ಆಗಲಿಲ್ಲ. 150 ಜನ. 2005ರ ಹೀಲಿಯೋಸ್ ವಿಮಾನವೂ ಉಂಟು, ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೋಗುವುದು. ಗಾಳಿಯ ಒತ್ತಡ ಇಳಿದು ಪೈಲಟ್‌ಗಳಿಗೆ ಪ್ರಜ್ಞೆ ತಪ್ಪಿತು. ಒಬ್ಬ ಕ್ಯಾಬಿನ್ ಸಿಬ್ಬಂದಿ ಒಳಗೆ ಸೇರುವಾಗ ತೈಲ ಮುಗಿಯುತ್ತಾ ಬಂದಿತ್ತು. 121 ಜನ ಹೋದರು.

ಇಷ್ಟಾದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಬಾಗಿಲು ಇರಬೇಕು. ಅದು ಹೊರಗಿನವನನ್ನು ತಡೆಯುತ್ತದೆ, ಒಳಗಿನವನ ಮನಸ್ಸನ್ನು ನೋಡುವ ಕೆಲಸ ಡಾಕ್ಟರದ್ದು, ಕಂಪನಿಯದ್ದು.

ಕಿಟಕಿ ಸೀಟು
ನಾನು ಹೊಸಂಗಡಿಯವಳು, ಮೊದಲು ಕ್ಯಾಬಿನ್ ಕ್ರೂ ಆಗಿದ್ದೆ. ಸ್ಪ್ಯಾನರ್ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಒಬ್ಬ ಪೈಲಟ್ ಟಾಯ್ಲೆಟ್‌ಗೆ ಎದ್ದರೆ ನಮ್ಮಲ್ಲಿ ಒಬ್ಬರು ಒಳಗೆ ಹೋಗಿ ನಿಲ್ಲುತ್ತಿದ್ದೆವು. ಇನ್ನೊಬ್ಬರು ಟ್ರಾಲಿ ಅಡ್ಡ ಇಟ್ಟು ದಾರಿ ಕಾಯುತ್ತಿದ್ದೆವು. ಆ ಹೊತ್ತಿಗೇ ಸರಿಯಾಗಿ ಯಾರಾದರೂ ಎದ್ದು ಬಂದು "ಟಾಯ್ಲೆಟ್ ಎಲ್ಲಿ?" ಅಂತ ಕೇಳುತ್ತಾರೆ. ನಮಗೆ ಎದೆ ಧಸಕ್ ಅನ್ನುತ್ತದೆ, ಅವರಿಗೆ ನಾವು ಯಾಕೆ ಮುಖ ಗಂಟು ಹಾಕಿದೆವು ಅಂತ ಬೇಜಾರು.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ವಾರಾಣಸಿಗೆ ಹೋಗುವ ವಿಮಾನದಲ್ಲಿ ಒಬ್ಬರು ಟಾಯ್ಲೆಟ್ ಹುಡುಕುತ್ತಾ ಕಾಕ್‌ಪಿಟ್ ಬಾಗಿಲಿಗೆ ಹೋಗಿ ದೊಡ್ಡ ಸುದ್ದಿಯಾಯಿತಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ಮೊದಲ ಸಲ ಹತ್ತುವವರಿಗೆ ಎರಡು ಬಾಗಿಲೂ ಒಂದೇ ಥರ ಕಾಣುತ್ತದೆ.

ಉಪ್ಪಳ ಎಕ್ಸ್‌ಪ್ರೆಸ್
ಬಾಗಿಲ ಮೇಲೆ ಕನ್ನಡದಲ್ಲಿ, ಮಲಯಾಳದಲ್ಲಿ "ಇದು ಕಕ್ಕಸು ಅಲ್ಲ" ಅಂತ ಬರೆಸಿ. ನಮ್ಮ ಊರಲ್ಲಿ ಬೋರ್ಡ್ ಯಾವ ಭಾಷೆಯಲ್ಲಿ ಅಂತ ಅದಕ್ಕೂ ಒಂದು ಹೋರಾಟ ಶುರುವಾಗಲಿ.

ಹೊಳೆಬದಿ
ನಗು ಸಾಕು. ನಾನು ಯಾಕೆ ಕೇಳಿದೆ ಅಂದರೆ, ನಮ್ಮ ಪಕ್ಕದ ಮನೆಯವರು 2010ರ ಮೇ 22ರಂದು ಮಂಗಳೂರಿಗೆ ಬಂದ ಆ ದುಬೈ ವಿಮಾನದಲ್ಲಿದ್ದರು. 158 ಜನ ಹೋದರು, 8 ಮಂದಿ ಉಳಿದರು. ನಮ್ಮ ಜಿಲ್ಲೆಯವರು ಎಷ್ಟೋ ಮಂದಿ. ಆ ದಿನ ಕಾಸರಗೋಡಿನಿಂದ ಆಸ್ಪತ್ರೆಗೆ ಹೋದವರು ಯಾರೂ ಅದನ್ನು ಮರೆಯುವುದಿಲ್ಲ.

ತನಿಖೆಯ ವರದಿಯಲ್ಲಿ ಏನಿತ್ತು? ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಇಳಿಯುವಾಗ ವಿಮಾನ ತುಂಬಾ ಎತ್ತರದಲ್ಲಿತ್ತು. ಇಳಿಸಬೇಡಿ, ಮತ್ತೆ ಮೇಲೆ ಹೋಗುವ ಅಂತ ಕೋ-ಪೈಲಟ್ ಹೇಳಿದರೂ ಕೇಳಲಿಲ್ಲ. ಬಾಗಿಲು ಭದ್ರವಾಗಿಯೇ ಇತ್ತು. ಒಳಗೆ ಹೊರಗಿನವರು ಯಾರೂ ಇರಲಿಲ್ಲ. ನನಗೆ ಕಾಕ್‌ಪಿಟ್ ನೋಡುವ ಆಸೆ ಇಲ್ಲ. ಒಳಗೆ ಕೂತವರು ಎಷ್ಟು ಗಂಟೆ ಮಲಗಿ ಬಂದಿದ್ದಾರೆ, ಕಿರಿಯವನ ಮಾತಿಗೆ ಬೆಲೆ ಉಂಟಾ, ಅದು ಗೊತ್ತಾದರೆ ಸಾಕು.

ಶಾರ್ಜಾ ಸ್ಪ್ಯಾನರ್
ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಬಾಗಿಲಿಗಿಂತ ಇದು ದೊಡ್ಡ ವಿಷಯ.

ಬದಿಯಡ್ಕ ಹಳಬ
ಹೊಳೆಬದಿಯವರೇ, ಆ ವಿಮಾನದಲ್ಲಿ ನನ್ನ ಪರಿಚಯದವರೂ ಇದ್ದರು. ಹೆಚ್ಚು ಬರೆಯುವುದಿಲ್ಲ.

ಸ್ಪ್ಯಾನರ್, ಒಂದು ಕೇಳುತ್ತೇನೆ. ನಿಯಮ ನಿಯಮ ಅಂತೀರಿ. ನಮ್ಮಂಥವರಿಗೆ ಬಾಗಿಲು ಮುಚ್ಚಿದೆ, ಪೈಲಟ್‌ನ ಸ್ನೇಹಿತರಿಗೆ?

ಶಾರ್ಜಾ ಸ್ಪ್ಯಾನರ್
ಅದಕ್ಕೂ ಶಿಕ್ಷೆ ಆಗಿದೆ. 2023ರ ಫೆಬ್ರವರಿ 27ರ ದುಬೈ-ದೆಹಲಿ ವಿಮಾನ. ಪೈಲಟ್ ತನ್ನ ಸ್ನೇಹಿತೆಯನ್ನು ಹಾರಾಟದ ಮಧ್ಯೆ ಕಾಕ್‌ಪಿಟ್‌ಗೆ ಕರೆದ. ದೂರು ಹೋಯಿತು. ವಿಮಾನ ಸುರಕ್ಷತೆ ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು, ಪೈಲಟ್‌ನ ಲೈಸೆನ್ಸ್ ಮೂರು ತಿಂಗಳು ಅಮಾನತು. ಅದೇ ವರ್ಷ ಜೂನ್‌ನಲ್ಲಿ ದೆಹಲಿ-ಲೇಹ್ ವಿಮಾನದಲ್ಲೂ ಇಂಥದ್ದೇ ಆಗಿ ಅಲ್ಲಿಯೂ ಪೈಲಟ್‌ಗಳ ಮೇಲೆ ಕ್ರಮ ಆಯಿತು.

ಕೆಲಸದ ಮೇಲೆ ಹೋಗುವವರಿಗೆ ಹಿಂದೆ ಒಂದು ಹೆಚ್ಚಿನ ಸೀಟು ಇರುತ್ತದೆ, ಜಂಪ್ ಸೀಟ್ ಅಂತ. ಡಿಜಿಸಿಎ ಇನ್‌ಸ್ಪೆಕ್ಟರ್ ಬರುತ್ತಾರೆ, ಪೈಲಟ್‌ಗಳನ್ನು ಪರೀಕ್ಷೆ ಮಾಡುವವರು ಬರುತ್ತಾರೆ. ಅಲ್ಲಿಯೂ ಪೂರಾ ಧೈರ್ಯ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಹೊರೈಜನ್ ಏರ್ ವಿಮಾನದಲ್ಲಿ ಆ ಸೀಟಿನಲ್ಲಿ ಕೂತ, ಡ್ಯೂಟಿಯಲ್ಲಿಲ್ಲದ ಪೈಲಟೇ ಎಂಜಿನ್ ಬಂದ್ ಮಾಡುವ ಹಿಡಿಕೆಗೆ ಕೈ ಹಾಕಿದ. ಇಬ್ಬರು ಪೈಲಟ್‌ಗಳು ಅವನ ಕೈ ಹಿಡಿದು ತಡೆದರು.

ಕುಂಬಳೆ ಟೀಚರ್
ಸರಿ, ಹಾರುವಾಗ ಬೇಡ ಅನ್ನುವುದನ್ನು ಒಪ್ಪೋಣ. ನನ್ನ ತಕರಾರು ಈಗ ನೆಲದ್ದು. ವಿಮಾನ ನಿಂತಿದೆ, ಎಂಜಿನ್ ಆಫ್, ಏಣಿ ಹಚ್ಚಿದೆ. ಆಗ ಮಗು ಒಳಗೆ ಇಣುಕುವುದು ಕ್ಯಾಪ್ಟನ್‌ನ ಮೂಡಿನ ಮೇಲೆ ಯಾಕೆ ನಿಂತಿರಬೇಕು? ಸ್ಪಷ್ಟವಾಗಿ ಒಂದು ಸಾಲು ಬರೆದಿಡಲಿ. ಇಂಗ್ಲಿಷ್ ಮಾತಾಡಿ ನಗುತ್ತಾ ಕೇಳುವವರ ಮಕ್ಕಳಿಗೆ ಸಿಗುತ್ತದೆ. ಪೆರ್ಲದಿಂದ ಮೊದಲ ಸಲ ವಿಮಾನ ಹತ್ತಿದ ಅಮ್ಮ ಕೇಳುತ್ತಾಳಾ? ನಾಚಿಕೆಯಿಂದ ಚೀಲ ಎತ್ತಿಕೊಂಡು ಇಳಿದು ಹೋಗುತ್ತಾಳೆ.

ಶಾರ್ಜಾ ಸ್ಪ್ಯಾನರ್
ಬರೆದಿಟ್ಟರೆ ಕೆಡುತ್ತದೆ ಟೀಚರೇ. ಹಕ್ಕು ಅಂತ ಆದರೆ ಕ್ಯೂ ನಿಲ್ಲುತ್ತದೆ, ಒಬ್ಬೊಬ್ಬರಿಗೂ ಸೆಲ್ಫಿ ಬೇಕು. ಅಷ್ಟರಲ್ಲಿ ನಾವು ಪೇಪರ್ ಹಿಡಿದು ಹೊರಗೆ ಕಾಯುತ್ತಾ ಇರುತ್ತೇವೆ, ಮುಂದಿನ ಹಾರಾಟಕ್ಕೆ ತೈಲ, ಲೆಕ್ಕ, ಚೆಕ್ ಎಲ್ಲ ಆ ಹೊತ್ತಿಗೇ ಆಗಬೇಕು. ಕಂಪನಿಗಳು ಕಡೆಗೆ ಪೂರಾ ಬಂದ್ ಮಾಡುತ್ತವೆ.

ಕುಂಬಳೆ ಟೀಚರ್
ಎರಡು ಮಕ್ಕಳಿಗೆ ಅಂತ ಮಿತಿ ಹಾಕಲಿ. ಒಪ್ಪಲಿಕ್ಕೆ ನಾನು ತಯಾರಿಲ್ಲ.

ಕಿಟಕಿ ಸೀಟು
ಟೀಚರ್ ಹೇಳಿದ ಆ ಅಮ್ಮನನ್ನು ನಾನು ಕಂಡಿದ್ದೇನೆ. ಮಗು ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿರುತ್ತದೆ, ಅಮ್ಮ ಕೈ ಎಳೆಯುತ್ತಿರುತ್ತಾಳೆ. ಅಂಥವರನ್ನು ನಾವೇ ನಿಲ್ಲಿಸಿ ಕೇಳಿದ್ದುಂಟು. ಎಲ್ಲ ಸಿಬ್ಬಂದಿ ಕೇಳುವುದಿಲ್ಲ, ಅದೂ ನಿಜ.

ನೀರ್ಚಾಲಿನವರಿಗೆ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಹತ್ತುವಾಗಲೇ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಹೇಳಿ: "ಮಗನಿಗೆ ವಿಮಾನ ಅಂದರೆ ಇಷ್ಟ, ಇಳಿದ ಮೇಲೆ ಕ್ಯಾಪ್ಟನ್ ಒಪ್ಪಿದರೆ ಒಂದು ನಿಮಿಷ ನೋಡಬಹುದಾ?" ಅಷ್ಟೇ. ಆಗ ಅವರಿಗೆ ಒಳಗೆ ಕೇಳಿ ಇಡಲು ಸಮಯ ಸಿಗುತ್ತದೆ. ಹಾರುವಾಗ ಎದ್ದು ಮುಂದೆ ಬಂದು ಕೇಳಬೇಡಿ, ಆ ಪರದೆಯ ಹತ್ತಿರ ನಿಲ್ಲಲೂಬೇಡಿ. ಇಳಿದ ಮೇಲೆ ಎಲ್ಲರೂ ಹೋಗುವ ತನಕ ಸೀಟಿನಲ್ಲೇ ಕೂತಿರಿ. ಅಲ್ಲೇ ಇಳಿದು ಮನೆಗೆ ಹೋಗುವ ಪೈಲಟ್ ಆದರೆ ಮಾತಾಡುತ್ತಾರೆ, ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕಾದವರಿಗೆ ಪುರುಸೊತ್ತಿಲ್ಲ.

"ಕಾಕ್‌ಪಿಟ್‌ಗೆ ಹೇಗೆ ಹೋಗುವುದು, ಬಾಗಿಲು ಯಾವಾಗ ತೆರೆಯುತ್ತದೆ" ಅಂತೆಲ್ಲ ಕೇಳಬೇಡಿ. ನೀವು ಪಾಪದವರು ಅಂತ ನಮಗೆ ಗೊತ್ತಾದರೂ ಮೇಲಿನವರಿಗೆ ರಿಪೋರ್ಟ್ ಬರೆದು ಕೊಡಲೇಬೇಕಾಗುತ್ತದೆ.

ನೀರ್ಚಾಲು ಅಪ್ಪ
ತುಂಬಾ ಉಪಕಾರ. ಏರೋಫ್ಲೋಟ್ ಕಥೆ ಮಗನಿಗೆ ಹೇಳಿದೆ, ಯಾಕೆ ಹಾರುವಾಗ ಬಿಡುವುದಿಲ್ಲ ಅಂತ ತಿಳಿಯಲಿ ಅಂತ. "ಆಟೋಪೈಲಟ್ ಅರ್ಧ ಆಫ್ ಆಗುವುದು ಯಾಕೆ ಹಾಗೆ ಮಾಡಿದ್ದು?" ಅಂತ ಕೇಳಿದ. ನನಗೆ ಉತ್ತರ ಗೊತ್ತಿಲ್ಲ, ಸ್ಪ್ಯಾನರ್ ಹೇಳಿ. ಮತ್ತೆ ಒಳಗೆ ಫೋಟೋ ತೆಗೆಯಬಹುದಾ?

ಶಾರ್ಜಾ ಸ್ಪ್ಯಾನರ್
ಒಳ್ಳೆ ಪ್ರಶ್ನೆ ಕೇಳಿದ್ದಾನೆ. ಪೈಲಟ್ ಗಟ್ಟಿಯಾಗಿ ಹಿಡಿದರೆ ಯಂತ್ರ ಮನುಷ್ಯನ ಜೊತೆ ಜಗಳಾಡಬಾರದು, ಅದಕ್ಕೆ ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟದ್ದನ್ನು ಜೋರಾಗಿ ಹೇಳದೇ ಇದ್ದದ್ದು ತೊಂದರೆ. ಅಪಾಯದ ವಿಷಯ ಬರೀ ದೀಪದಲ್ಲಿ ಹೇಳಬಾರದು, ಕಿವಿಗೂ ಬೀಳಬೇಕು ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳುವುದು ಇಂಥದ್ದಕ್ಕೇ.

ಫೋಟೋ ಕ್ಯಾಪ್ಟನ್ ಹೂಂ ಅಂದರೆ ಮಾತ್ರ. ಅವರ ಮುಖ ಹಾಕಿ ಇನ್‌ಸ್ಟಾಗ್ರಾಂಗೆ ಏರಿಸುವ ಮೊದಲು ಇನ್ನೊಮ್ಮೆ ಕೇಳಿ. ಎಷ್ಟೋ ಪೈಲಟ್‌ಗಳು ಒಳಗೆ ಬಿಡದೇ ಇರುವುದು ಈ ವೀಡಿಯೋ ಕಾಟಕ್ಕೇ.

ಉಪ್ಪಳ ಎಕ್ಸ್‌ಪ್ರೆಸ್
ಪೆರಿಯದಲ್ಲಿ ಏರ್‌ಸ್ಟ್ರಿಪ್ ಮಾಡುತ್ತೇವೆ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ. ಅದಾದರೆ ಸಣ್ಣ ವಿಮಾನ ಬರುತ್ತದೆ, ಪೈಲಟ್ ಪಕ್ಕದಲ್ಲೇ ಕೂರಬಹುದು. ಮಗ ಕಾಲೇಜಿಗೆ ಹೋಗುವ ಹೊತ್ತಿಗೆ ಆದೀತು, ಕಾಯಿರಿ.

ಕಿಟಕಿ ಸೀಟು
ನೀರ್ಚಾಲಿನವರೇ, ಹೋಗುವಾಗ ಆಗದಿದ್ದರೆ ವಾಪಸ್ ಬರುವಾಗ ಮಂಗಳೂರಿನಲ್ಲಿ ಕೇಳಿ. ದುಬೈಯಲ್ಲಿ ಕೆಳಗೆ ಬಸ್ ನಿಂತಿದ್ದರೆ ಉಳಿದವರೆಲ್ಲ ನಿಮಗಾಗಿ ಕಾಯಬೇಕಾಗುತ್ತದೆ, ಆಗ ಸಿಬ್ಬಂದಿ ಒಪ್ಪುವುದಿಲ್ಲ.